ಬೆಟ್ಟಕ್ಕೆ ಕ್ಯೂಆರ್ ಕೋಡ್ ಬಂತು, ದಾರಿ ತೋರಿಸುವವರು ಎಲ್ಲಿ?

ಕಾಫಿ ಕೊಯ್ಲಿನ ಹೊತ್ತಲ್ಲಿ ಪಾಲಿಬೆಟ್ಟದಲ್ಲಿದ್ದೆ. ಬೆಳಿಗ್ಗೆ ಲೈನ್ ಮನೆಗಳಿಂದ ತೋಟದೊಳಕ್ಕೆ ಹೊರಟಿದ್ದ ಹೆಂಗಸರ ಗುಂಪಿನ ಹಿಂದೆ ನಡೆಯುತ್ತಿದ್ದಾಗ ಮೊಬೈಲ್‌ಗೆ ಮೆಸೇಜ್ ಬಂತು. ಬೆಂಗಳೂರಿನ ಕಾಲೇಜು ಗೆಳೆಯರ ಗ್ರೂಪು. 'ಮಗಾ, ಕೊಡಗಲ್ಲಿ ಗೈಡ್ ಇಲ್ಲದೆ ಹೋಗೋ ಟ್ರೆಕ್ ಯಾವುದಿದೆ? ನೀನು ಅಲ್ಲೇ ಇದೀಯಲ್ಲ.'

ಉತ್ತರ ಟೈಪ್ ಮಾಡ್ತಾ ಇದ್ದೆ. ಎಲ್ಲರಿಗಿಂತ ಮುಂದಿದ್ದ ಅಕ್ಕ ನಿಂತುಬಿಟ್ಟರು. ಕೈ ಎತ್ತಿದರು. ಹಿಂದಿದ್ದವರೆಲ್ಲ ಅಲ್ಲಲ್ಲೇ ನಿಂತರು, ಮಾತು ನಿಂತಿತು. ನನಗೆ ಏನೂ ಕಾಣಿಸಲಿಲ್ಲ, ಏನೂ ಕೇಳಿಸಲೂ ಇಲ್ಲ. ಕಾಫಿ ಗಿಡ, ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಅಷ್ಟೇ. ಸ್ವಲ್ಪ ಹೊತ್ತು ನಿಂತು ಅಕ್ಕ ವಾಪಸ್ ತಿರುಗಿದರು. ಎಲ್ಲರೂ ತಿರುಗಿದೆವು. ಕೆರೆ ಪಕ್ಕದ ದಾರಿ ಬಿಟ್ಟು ಮೇಲಿನ ರಸ್ತೆಯಿಂದ ಸುತ್ತು ಹಾಕಿಕೊಂಡು ಹೋದೆವು. ಆಮೇಲೆ ಕೇಳಿದಾಗ ಹೇಳಿದರು: 'ವಾಸನೆ ಬಂತು ಸಾರ್. ಮರಿ ಇರೋ ಗುಂಪು. ನಿನ್ನೆ ಸಂಜೆ ಆ ಕಡೆ ಹಲಸಿನ ಕೊಂಬೆ ಮುರಿದ ಸದ್ದು ಕೇಳಿತ್ತು.' ಸುತ್ತಿ ಬರೋದಕ್ಕೆ ಹಿಡಿದದ್ದು ನಲವತ್ತು ನಿಮಿಷ. ಕೊಯ್ಲಿನಲ್ಲಿ ಅವರ ಕೂಲಿ ಕಿಲೋ ಲೆಕ್ಕ. ಆ ನಲವತ್ತು ನಿಮಿಷದ ಹಣ್ಣು ಅವರ ಚೀಲಕ್ಕೆ ಬೀಳಲಿಲ್ಲ.

ಗೆಳೆಯನಿಗೆ ಅವತ್ತು 'ನೋಡ್ತೀನಿ' ಅಂತಷ್ಟೇ ಕಳಿಸಿದೆ. ಕೊಡಬೇಕಾಗಿದ್ದ ಉತ್ತರ ಸ್ವಲ್ಪ ಉದ್ದ ಇದೆ.

ಹೊರದೇಶದ ಪರ್ವತ ಪ್ರವಾಸದ ಕಂಪನಿಗಳು ತಮ್ಮ ಸರಕನ್ನು ಎರಡು ಕಪಾಟಿನಲ್ಲಿ ಇಡುತ್ತವೆ: 'ಗೈಡೆಡ್' ಮತ್ತು 'ಸೆಲ್ಫ್-ಗೈಡೆಡ್'. ದುಡ್ಡು ಜಾಸ್ತಿ ಇದ್ದರೆ, ಅನುಭವ ಕಡಿಮೆ ಇದ್ದರೆ ಮೊದಲನೆಯದು. ಸ್ವಾತಂತ್ರ್ಯ ಬೇಕೆಂದರೆ ಎರಡನೆಯದು. ಈ ಮಾತು ಈಗ ನಮ್ಮ ಇನ್‌ಸ್ಟಾಗ್ರಾಂ ರೀಲುಗಳಿಗೂ ಬಂದಿದೆ. ಆಲ್ಪ್ಸ್‌ನಲ್ಲಿ 'ವಿಯಾ ಫೆರಾಟಾ' ಅಂತ ಹತ್ತುವ ದಾರಿಗಳಿವೆ. ಇಟಾಲಿಯನ್ ಭಾಷೆಯಲ್ಲಿ ಕಬ್ಬಿಣದ ದಾರಿ ಎಂದರ್ಥ. ಬಂಡೆಗೆ ಹೊಡೆದ ಉಕ್ಕಿನ ಹಗ್ಗ, ಏಣಿ, ಮೆಟ್ಟಿಲು. ಡಾಲೊಮೈಟ್ಸ್‌ನ ಹಲವು ದಾರಿಗಳು ಮೊದಲ ಮಹಾಯುದ್ಧದಲ್ಲಿ ಇಟಲಿ ಮತ್ತು ಆಸ್ಟ್ರಿಯಾ-ಹಂಗೇರಿ ಸೈನಿಕರು ಬಂಡೆ ಮೇಲೆ ಓಡಾಡಲು ಮಾಡಿಕೊಂಡವು. ಇವತ್ತು ಅಲ್ಲಿ ಬೆಲ್ಟು ಕಟ್ಟಿಕೊಂಡು, ಕೊಕ್ಕೆಯನ್ನು ಹಗ್ಗಕ್ಕೆ ಸಿಕ್ಕಿಸಿಕೊಂಡು ಯಾರೂ ಜೊತೆಗಿಲ್ಲದೆ ಹತ್ತಬಹುದು. ಆದರೆ ಆ 'ಯಾರೂ ಜೊತೆಗಿಲ್ಲದೆ' ಅನ್ನುವುದರ ಹಿಂದೆ ಎಷ್ಟು ಜನ ಇದ್ದಾರೆ ನೋಡಿ. ದಾರಿಗುರುತು ಬರೆದವರು, ಹಗ್ಗ ಸವೆದಿದೆಯಾ ಎಂದು ನೋಡುವವರು, ತಂಗುಮನೆ ನಡೆಸುವ ಆಲ್ಪೈನ್ ಕ್ಲಬ್ಬುಗಳು, ಬಿದ್ದರೆ ಹೆಲಿಕಾಪ್ಟರ್ ತರುವವರು. ಗೈಡ್ ಮಾಡುವ ಕೆಲಸವನ್ನು ಆ ವ್ಯವಸ್ಥೆ ಮೊದಲೇ ಮಾಡಿಟ್ಟಿರುತ್ತೆ.

ಕೊಡಗಿನ ಬೆಟ್ಟಗಳಲ್ಲಿ ಇದ್ಯಾವುದೂ ಇಲ್ಲ. ಇರಬೇಕು ಅಂತಲೂ ನಾನು ಹೇಳುವುದಿಲ್ಲ, ಶೋಲಾ ಹುಲ್ಲುಗಾವಲಿಗೆ ಕಬ್ಬಿಣ ಹೊಡೆಯುವ ಐಡಿಯಾ ಯಾವ ಸಚಿವರ ತಲೆಗೂ ಬರದಿರಲಿ. ಇಲ್ಲಿ ಏಣಿ, ಹಗ್ಗ, ದಾರಿಗುರುತು, ಹವಾಮಾನ ವರದಿ ಎಲ್ಲವೂ ಒಬ್ಬ ಮನುಷ್ಯ. ಆ ಮನುಷ್ಯನ ಬಗ್ಗೆ ನಮ್ಮ ಚಾರಣ ನೀತಿ ಏನು ಹೇಳುತ್ತೆ ಎಂದು ಹುಡುಕಿದರೆ ಹೆಚ್ಚೇನೂ ಸಿಗುವುದಿಲ್ಲ.

ಆ ನೀತಿ ಹುಟ್ಟಿದ ಕಥೆ ನಿಮಗೆ ಗೊತ್ತಿರಬಹುದು. 2024ರ ಜನವರಿ 26 ಶುಕ್ರವಾರ ಬಿತ್ತು. ಮೂರು ದಿನದ ರಜೆ. ಪುಷ್ಪಗಿರಿ ವನ್ಯಜೀವಿಧಾಮದೊಳಗಿನ 1,712 ಮೀಟರ್ ಎತ್ತರದ ಕುಮಾರ ಪರ್ವತಕ್ಕೆ ಸಾವಿರಾರು ಜನ ನುಗ್ಗಿದರು. ಕುಕ್ಕೆ ಕಡೆಯ ದಾರಿಯಲ್ಲಿ ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನ ಹಾಗೆ ಜನ ಸಾಲುಗಟ್ಟಿದ ವಿಡಿಯೊ ವೈರಲ್ ಆಯ್ತು. ಅರಣ್ಯ ಸಚಿವ ಈಶ್ವರ ಖಂಡ್ರೆ ಆನ್‌ಲೈನ್ ಟಿಕೆಟ್ ಇಲ್ಲದ ಕಡೆ ಚಾರಣವನ್ನೇ ನಿಲ್ಲಿಸಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ 'ಅರಣ್ಯ ವಿಹಾರ' ಜಾಲತಾಣ ಬಂತು. ಒಂದು ಮೊಬೈಲ್ ನಂಬರಿನಿಂದ ಹೆಚ್ಚೆಂದರೆ ಹತ್ತು ಟಿಕೆಟ್, ಪ್ರತಿಯೊಬ್ಬರದ್ದೂ ಗುರುತಿನ ಚೀಟಿ, ಒಂದು ಚಾರಣ ಪಥಕ್ಕೆ ದಿನಕ್ಕೆ ಗರಿಷ್ಠ 300 ಜನ.

ಇದನ್ನು ಸ್ವಾಗತಿಸಿದವರಲ್ಲಿ ನಾನೂ ಒಬ್ಬ. ಏಜೆಂಟರು ನೂರಾರು ಟಿಕೆಟ್ ಒಟ್ಟಿಗೆ ಎತ್ತಿಟ್ಟುಕೊಂಡು ಬೆಂಗಳೂರಿನಿಂದ ಬಸ್ಸುಗಟ್ಟಲೆ ಜನ ತರುವ ದಂಧೆಗೆ ಇದು ಕಡಿವಾಣ ಹಾಕುತ್ತೆ ಅನಿಸಿತ್ತು. ಆದರೆ ಎಂಜಿನಿಯರಿಂಗ್ ಓದಿ ಮರೆತ ತಲೆಯಲ್ಲೂ ಒಂದು ಪಾಠ ಉಳಿದುಕೊಂಡಿದೆ: ಯಾವ ವ್ಯವಸ್ಥೆಯ ಸಾಮರ್ಥ್ಯವೂ ಅದರ ಅತ್ಯಂತ ಕಿರಿದಾದ ಜಾಗದಷ್ಟೇ. ಬೆಟ್ಟದಲ್ಲಿ ಆ ಕಿರಿದಾದ ಜಾಗ ಯಾವುದು? ಸರ್ವರ್ ಅಲ್ಲ, ಗೇಟೂ ಅಲ್ಲ.

300 ಜನ ಹತ್ತು ಹತ್ತರ ಗುಂಪಾಗಿ ಹೋದರೆ ಮೂವತ್ತು ಗುಂಪು. ಒಂದು ಗುಂಪಿಗೆ ಒಬ್ಬರಂತೆ ದಿನಕ್ಕೆ ಮೂವತ್ತು ಗೈಡ್‌ಗಳು. ಅದೂ ಒಂದೇ ಬೆಟ್ಟಕ್ಕೆ, ಪ್ರತಿದಿನ. ಮಳೆಗಾಲದಲ್ಲಿ ಬಾಗಿಲು ಮುಚ್ಚಿರುತ್ತೆ, ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಮತ್ತೆ ಮುಚ್ಚುತ್ತೆ. ಉಳಿಯೋದು ಹೆಚ್ಚುಕಡಿಮೆ ಅಕ್ಟೋಬರ್‌ನಿಂದ ಜನವರಿ, ನಾಲ್ಕು ತಿಂಗಳು. ವರ್ಷದಲ್ಲಿ ನಾಲ್ಕೇ ತಿಂಗಳು ಕೆಲಸ, ಅದರಲ್ಲೂ ಶನಿವಾರ ಭಾನುವಾರವೇ ಜೋರು ಅಂದರೆ ಆ ಕೆಲಸಕ್ಕೆ ಯಾರು ನಿಲ್ಲುತ್ತಾರೆ? ಅದೇ ನಾಲ್ಕು ತಿಂಗಳಲ್ಲಿ ಕಾಫಿ ಕೊಯ್ಲೂ ಶುರುವಾಗುತ್ತೆ. ಊರಿನ ಯಾರನ್ನಾದರೂ ಕೇಳಿ, ಡಿಸೆಂಬರ್‌ನಲ್ಲಿ ತೋಟಕ್ಕೇ ಆಳು ಸಿಗುವುದಿಲ್ಲ.

ಕೊಡಗಿನಲ್ಲೇ ಮೂರು ಬೆಟ್ಟ ತೆಗೆದುಕೊಂಡರೆ ಮೂರು ಥರ. ಕಕ್ಕಬ್ಬೆಯ ತಡಿಯಂಡಮೋಳ್, 1,748 ಮೀಟರ್, ಜಿಲ್ಲೆಯ ಅತಿ ಎತ್ತರದ ಶಿಖರ. ನಾಲ್ಕುನಾಡು ಅರಮನೆ ದಾಟಿ, ಚೆಕ್‌ಪೋಸ್ಟಿನಲ್ಲಿ ಹೆಸರು ಬರೆದು ದುಡ್ಡು ಕಟ್ಟಿ, ಜನ ವರ್ಷಗಟ್ಟಲೆ ತಾವೇ ಹತ್ತಿ ಇಳಿದ ಬೆಟ್ಟ ಅದು. ಗೆಳೆಯ ಕೇಳಿದ 'ಸೆಲ್ಫ್-ಗೈಡೆಡ್' ಅಂದರೆ ಅದೇ. ಕುಮಾರ ಪರ್ವತದಲ್ಲಿ ಟಿಕೆಟ್ ಇದ್ದರೂ ದಾರಿ ತೋರಿಸುವುದು ಮುಂದೆ ಹೋಗುವವರ ಬೆನ್ನು. ಇರ್ಪು ಜಲಪಾತದ ಮೇಲಿನ ಬ್ರಹ್ಮಗಿರಿ ಮಾತ್ರ ಬೇರೆ. 1,608 ಮೀಟರ್, ತುದಿಯಲ್ಲಿ ನಿಂತರೆ ಆ ಕಡೆ ಕೇರಳ. ಅಲ್ಲಿಗೆ ಅರಣ್ಯ ಇಲಾಖೆಯ ಅನುಮತಿಯೂ ಬೇಕು, ಗೈಡೂ ಬೇಕು. ನಾನು ಮೂರೂ ಹತ್ತಿದ್ದೇನೆ. ಗೈಡ್ ಜೊತೆ ಹತ್ತಿದ್ದರಲ್ಲಿ ಮಾತ್ರ 'ಇಲ್ಲಿಂದ ಮುಂದೆ ಬೇಡ' ಅನ್ನುವ ಮಾತು ಕೇಳಿಸಿಕೊಂಡಿದ್ದೇನೆ. ನರಿಮಲೆಯ ಕ್ಯಾಂಪ್ ದಾಟಿ ಸ್ವಲ್ಪ ದೂರ ಹೋಗಿದ್ದೆವು, ಮಂಜು ಇಳಿಯಿತು. ನಮ್ಮ ಜೊತೆಗಿದ್ದವರು ನಿಂತರು, ಹುಲ್ಲಿನ ಕಡೆ ನೋಡಿದರು, ವಾಪಸ್ ಅಂದರು. ಸಿಟ್ಟು ಬಂತು. ಬೆಂಗಳೂರಿನಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದವನಿಗೆ ಸಿಟ್ಟು ಬರುತ್ತೆ.

ಗೈಡ್ ಅಂದರೆ ದಾರಿ ತೋರಿಸುವವರು ಅಂತ ನಾವು ಅಂದುಕೊಂಡಿದ್ದೇವೆ. ದಾರಿಯನ್ನು ಜಿಪಿಎಸ್ ತೋರಿಸುತ್ತೆ. ಗೈಡ್‌ನ ನಿಜವಾದ ಕೆಲಸ 'ಇವತ್ತು ಬೇಡ' ಅನ್ನುವುದು. ಪಾಲಿಬೆಟ್ಟದ ಅಕ್ಕ ಕೈ ಎತ್ತಿ ಮಾಡಿದ್ದೂ ಅದನ್ನೇ. ಆ ಮಾತು ಆಡುವ ಅಧಿಕಾರ ಯಾರಿಗಿದೆ? ಟಿಪ್ಸ್ ನಂಬಿಕೊಂಡ ದಿನಗೂಲಿಯವರು ಹತ್ತು ಜನ ಟೆಕ್ಕಿಗಳಿಗೆ, ಫೀಸು ಕಟ್ಟಿ ಟಿಕೆಟ್ ಕೈಯಲ್ಲಿ ಹಿಡಿದುಕೊಂಡವರಿಗೆ, 'ವಾಪಸ್ ಹೋಗಿ' ಅನ್ನುವುದು ಸುಲಭವಲ್ಲ.

ಅದು ಸುಲಭವಾಗದೆ ಹೋದರೆ ಏನಾಗುತ್ತೆ ಅನ್ನುವುದಕ್ಕೆ ತುಂಬ ದೂರ ಹೋಗಬೇಕಿಲ್ಲ. 2018ರ ಮಾರ್ಚ್ 11ರಂದು ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿಯಲ್ಲಿ ಚಾರಣಿಗರು ಕಾಡ್ಗಿಚ್ಚಿಗೆ ಸಿಕ್ಕಿದರು. 20ಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ನಮ್ಮ ನಿಮ್ಮ ವಯಸ್ಸಿನವರೇ. ಆ ರಾಜ್ಯ ಅದೇ ವರ್ಷ ಚಾರಣಕ್ಕೆ ನಿಯಮ ತಂದಿತು. 2024ರ ಅಕ್ಟೋಬರ್‌ನಲ್ಲಿ, ನಮ್ಮ ಅರಣ್ಯ ವಿಹಾರ ಬಂದ ತಿಂಗಳಲ್ಲೇ, 40 ದಾರಿಗಳ 'ಟ್ರೆಕ್ ತಮಿಳುನಾಡು' ಶುರು ಮಾಡಿತು. ಅಲ್ಲೂ ಆನ್‌ಲೈನ್ ಬುಕಿಂಗೇ. ಆದರೆ ಅಲ್ಲಿ ಗೈಡ್ ಇಲ್ಲದ ಟಿಕೆಟ್ ಇಲ್ಲ. ಗೈಡ್‌ಗಳನ್ನು ಆದಿವಾಸಿ ಹಾಡಿಗಳಿಂದ, ಕಾಡಂಚಿನ ಊರುಗಳಿಂದ ಆರಿಸಿ ತರಬೇತಿ ಕೊಟ್ಟಿದ್ದಾರೆ. ಅಲ್ಲಿ ಎಲ್ಲ ಸರಿಯಿದೆ ಅಂತ ನಾನು ಹೇಳುತ್ತಿಲ್ಲ, ಫೀಸಿನ ಬಗ್ಗೆ ಆ ಕಡೆಯ ಗೆಳೆಯರು ಬೈಯುತ್ತಲೇ ಇರುತ್ತಾರೆ. ಶುರು ಮಾಡಿದ ಜಾಗ ಸರಿಯಾಗಿದೆ. ಅವರು ಮನುಷ್ಯರಿಂದ ಶುರು ಮಾಡಿದರು, ನಾವು ವೆಬ್‌ಸೈಟಿನಿಂದ.

ನಮ್ಮಲ್ಲಿ ಕೊರತೆ ಹಣದ್ದಲ್ಲ, ಜನರದ್ದು. ಇದನ್ನು ಸರ್ಕಾರವೇ ಒಪ್ಪಿಕೊಂಡಿದೆ. 2025ರ ನವೆಂಬರ್‌ನಲ್ಲಿ ಸರಗೂರು ಭಾಗದಲ್ಲಿ ಹುಲಿ ದಾಳಿಗೆ ರೈತರು ಸತ್ತಾಗ ಬಂಡೀಪುರ, ನಾಗರಹೊಳೆಯಲ್ಲಿ ಸಫಾರಿ ನಿಲ್ಲಿಸಲು, ಸಂಘರ್ಷ ಇರುವ ಕಡೆ ಚಾರಣವನ್ನೂ ನಿಲ್ಲಿಸಲು ಸಚಿವರು ಆದೇಶಿಸಿದರು. ಅಲ್ಲಿದ್ದ ಸಿಬ್ಬಂದಿಯನ್ನು ಹುಲಿ ಹುಡುಕುವ ಕೆಲಸಕ್ಕೆ ಹಾಕಬೇಕು ಎಂಬುದು ಕಾರಣ. ಆ ಆದೇಶವನ್ನು ತಿರುಗಿಸಿ ಓದಿ. ಅಲ್ಲಿಯವರೆಗೆ ಊರಿನವರ ಜೀವ ಕಾಯಬೇಕಾದ ಕೈಗಳಲ್ಲಿ ಕೆಲವು ಪ್ರವಾಸಿಗರನ್ನು ಸುತ್ತಾಡಿಸುತ್ತಿದ್ದವು.

ಪಾಲಿಬೆಟ್ಟದಲ್ಲಿ ಕೂತು ನೋಡಿದರೆ ಇದು ಇನ್ನೂ ಚೆನ್ನಾಗಿ ಕಾಣುತ್ತೆ. 2023ರ ಗಣತಿ ಪ್ರಕಾರ ರಾಜ್ಯದಲ್ಲಿ 6,395 ಆನೆಗಳಿವೆ, ದೇಶದಲ್ಲೇ ಹೆಚ್ಚು ಅಂತ ನಾವು ಹೆಮ್ಮೆಪಟ್ಟೆವು. ಅವುಗಳಲ್ಲಿ ಕೆಲವು ಸಿದ್ದಾಪುರ, ಮಾಲ್ದಾರೆ, ಪಾಲಿಬೆಟ್ಟ, ಅಮ್ಮತ್ತಿಯ ತೋಟಗಳಲ್ಲೇ ದಿನಗಟ್ಟಲೆ ಉಳಿಯುತ್ತವೆ, ಅಲ್ಲೇ ಮರಿ ಹಾಕುತ್ತವೆ. ನೀರಿದೆ, ನೆರಳಿದೆ, ಹಲಸಿದೆ, ಬಾಳೆಯಿದೆ. ಕಂದಕ ತೋಡಿದರು, ಸೋಲಾರ್ ಬೇಲಿ ಹಾಕಿದರು, ರೈಲ್ವೆ ಹಳಿ ತಂದು ನೆಟ್ಟರು. ಆನೆ ಬರುತ್ತಲೇ ಇದೆ. ಇದೇ ಊರಿನ ಹಳೇ ಎಸ್ಟೇಟ್ ಬಂಗಲೆಗಳಲ್ಲಿ ಈಗ ಪ್ರವಾಸಿಗರು ಉಳಿಯುತ್ತಾರೆ. ಬೆಳಿಗ್ಗೆ 'ಪ್ಲಾಂಟೇಶನ್ ವಾಕ್'ಗೆ ಹೋಗಬೇಕಾದರೆ ಜೊತೆಗೆ ಜನ ಇರುತ್ತಾರೆ, ಆನೆ ಇದ್ದರೆ ವಾಕ್ ರದ್ದು. ಒಳ್ಳೆಯದೇ. ಅದೇ ತೋಟದ ಅದೇ ದಾರಿಯಲ್ಲಿ ಅದೇ ಹೊತ್ತಿಗೆ ಕೆಲಸಕ್ಕೆ ಹೋಗುವವರ ನಡಿಗೆ ರದ್ದಾಗುವುದಿಲ್ಲ. ಅದು ಪೂರ್ತಿ 'ಸೆಲ್ಫ್-ಗೈಡೆಡ್'. ಅವತ್ತು ನಮ್ಮ ಗುಂಪಿನಲ್ಲಿ ಅಸ್ಸಾಂನಿಂದ ಬಂದ ಇಬ್ಬರು ಹುಡುಗರಿದ್ದರು. ಅಕ್ಕ ಕೈ ಎತ್ತಿದಾಗ ಅವರಿಗೂ ನನ್ನಷ್ಟೇ ಗೊತ್ತಾಗಿದ್ದು.

ಆ ಅಕ್ಕ ಪಣಿ ಎರವ ಸಮುದಾಯದವರು. ಅವರ ಅಪ್ಪ ಕಾಡಿನಿಂದ ಜೇನು, ಗೆಣಸು ತರುತ್ತಿದ್ದರಂತೆ. ಈಗ ಅಣಬೆಗೆ ಕಾಡಿಗೆ ಹೋದರೂ ಗಾರ್ಡ್ ಏನಂತಾರೋ ಅನ್ನುವ ಅಂಜಿಕೆ. ಚಾರಣಿಗರಿಗೆ ಕ್ಯೂಆರ್ ಕೋಡ್ ಸಿಕ್ಕ ಕಾಡಿನಲ್ಲಿ ಇವರಿಗೆ ಸಿಕ್ಕಿದ್ದು ಅನುಮಾನದ ನೋಟ. ಇಲ್ಲಿಂದ ಸ್ವಲ್ಪವೇ ದೂರದ ದಿಡ್ಡಳ್ಳಿಯಲ್ಲಿ 2016ರ ಡಿಸೆಂಬರ್ 7ರಂದು 577 ಆದಿವಾಸಿ ಕುಟುಂಬಗಳ ಗುಡಿಸಲು ಕೆಡವಿದ್ದು ನೆನಪಿರಬೇಕು. 2025ರ ಮೇ 5ರಂದು ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿಗೆ 52 ಜೇನು ಕುರುಬ ಕುಟುಂಬಗಳು 'ಇದು ನಮ್ಮ ಜಾಗ' ಎಂದು ವಾಪಸ್ ಬಂದು ಕೂತವು. ಅವರು ಕಾಡಿನಲ್ಲಿರುವುದು ಅಕ್ರಮವೋ ಸಕ್ರಮವೋ ಎಂಬ ವಾದ ನಡೆಯುತ್ತಲೇ ಇತ್ತು. ಕಾಡಿನ ವಾಸನೆ ಹಿಡಿದು ಆನೆ ಗುಂಪು ಲೆಕ್ಕ ಹಾಕಬಲ್ಲವರನ್ನು ಒತ್ತುವರಿದಾರರು ಎಂದು ಕರೆದು, ಆಮೇಲೆ ಗೈಡ್ ಸಿಗುತ್ತಿಲ್ಲ ಅನ್ನುವುದು ವಿಚಿತ್ರ.

ಪ್ರವಾಸೋದ್ಯಮ ಬೇಡ ಅಂತ ಆದಿವಾಸಿಗಳು ಹೇಳಿದ ಇತಿಹಾಸವೂ ನಮ್ಮಲ್ಲಿದೆ. ತೊಂಬತ್ತರ ದಶಕದಲ್ಲಿ ನಾಗರಹೊಳೆಯ ಮೂರ್ಕಲ್‌ನಲ್ಲಿ ಸರ್ಕಾರ ತನ್ನ ಕಟ್ಟಡಗಳನ್ನು ತಾಜ್ ಸಮೂಹದ ಹೋಟೆಲ್ ಕಂಪನಿಗೆ ಗುತ್ತಿಗೆ ಕೊಟ್ಟಿತು. ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿ ಬೀದಿಗಿಳಿಯಿತು, ಕೋರ್ಟಿಗೂ ಹೋಯಿತು. 1997ರಲ್ಲಿ ಕರ್ನಾಟಕ ಹೈಕೋರ್ಟ್ ಆ ಗುತ್ತಿಗೆ ಅರಣ್ಯ ಸಂರಕ್ಷಣಾ ಕಾಯ್ದೆಗೆ ವಿರುದ್ಧ ಎಂದಿತು. ಅವತ್ತಿನ ಪ್ರಶ್ನೆ ಹೋಟೆಲ್ ಬೇಕಾ ಬೇಡವಾ ಅನ್ನುವುದಷ್ಟೇ ಆಗಿರಲಿಲ್ಲ. ನಮ್ಮನ್ನು ಹೊರಗೆ ಹಾಕಿದ ಕಾಡಿಗೆ ಇನ್ನೊಬ್ಬರನ್ನು ಅತಿಥಿಯಾಗಿ ಕರೆಯಲು ನೀವು ಯಾರು ಎಂಬುದಾಗಿತ್ತು. ಅರಣ್ಯ ವಿಹಾರದ ಪುಟದಲ್ಲಿ ಬುಕಿಂಗ್ ಬಟನ್ ಒತ್ತುವಾಗ ಈ ಪ್ರಶ್ನೆ ನಮಗೆ ತಟ್ಟುವುದಿಲ್ಲ.

ಕಾನೂನು ಮಾತ್ರ ಇದಕ್ಕೆ ಉತ್ತರ ಬರೆದಿಟ್ಟಿದೆ. 2006ರ ಅರಣ್ಯ ಹಕ್ಕು ಕಾಯ್ದೆಯ 5ನೇ ಕಲಂ ಓದಿ. ಸಮುದಾಯದ ಅರಣ್ಯ ಸಂಪನ್ಮೂಲಕ್ಕೆ ಯಾರು ಬರಬೇಕು, ಬರಬಾರದು ಎಂದು ನಿಯಂತ್ರಿಸುವ, ವನ್ಯಜೀವಿಗೆ, ಕಾಡಿಗೆ ಧಕ್ಕೆಯಾಗುವ ಚಟುವಟಿಕೆ ನಿಲ್ಲಿಸುವ ತೀರ್ಮಾನವನ್ನು ಗ್ರಾಮಸಭೆ ತೆಗೆದುಕೊಳ್ಳಬಹುದು. ಇದು ಕಾಗದದ ಮಾತಷ್ಟೇ ಅಲ್ಲ, ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ, ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯ ಹಕ್ಕು ಸಿಕ್ಕಿತು. ಅಂದರೆ ದಿನಕ್ಕೆ 300 ಅನ್ನುವ ಸಂಖ್ಯೆ ವಿಧಾನಸೌಧದಲ್ಲಿ ಹುಟ್ಟಬೇಕಾಗಿಲ್ಲ. ಈ ದಾರಿಯಲ್ಲಿ ನಮ್ಮ ಇಷ್ಟು ಜನ ನಡೆಸಬಲ್ಲರು, ಒಬ್ಬರ ಜೊತೆ ಹತ್ತು ಜನ, ಆದ್ದರಿಂದ ಇಷ್ಟು ಟಿಕೆಟ್ ಅಂತ ಆ ಬೆಟ್ಟದ ಬುಡದ ಊರು ಹೇಳಬಹುದು. ನಾಲ್ಕು ಜನ ಇದ್ದರೆ ನಲವತ್ತು ಟಿಕೆಟ್. ಮಂಜು ಜಾಸ್ತಿ ಇದ್ದ ದಿನ ಸೊನ್ನೆ, ದುಡ್ಡು ವಾಪಸ್. ಅವರಿಗೆ ವರ್ಷಪೂರ್ತಿ ಸಂಬಳ. ಬೇಸಿಗೆಯಲ್ಲಿ ಬೆಂಕಿರೇಖೆ ಮಾಡುವ, ಮಳೆ ಮುಗಿದ ಮೇಲೆ ಕೊರೆದುಹೋದ ದಾರಿ ಸರಿಮಾಡುವ ಕೆಲಸ ಇದ್ದೇ ಇದೆ.

ಸ್ಥಳೀಯರ ಕೈಗೆ ಕೊಟ್ಟರೆ ಎಲ್ಲ ಚಂದ ಅಂತ ನಾನೇನೂ ಹಾಡಲ್ಲ. ಕೇರಳದ ಅಗಸ್ತ್ಯಕೂಡಂ ನೋಡಿ. ವರ್ಷಕ್ಕೆ ಕೆಲವೇ ವಾರ, ದಿನಕ್ಕೆ ಕೆಲವೇ ಜನ, ನಿಯಂತ್ರಣದಲ್ಲಿ ಅದು ನಮಗಿಂತ ಎಷ್ಟೋ ಮೇಲು. ಅಲ್ಲಿಯ ಕಾಣಿ ಸಮುದಾಯ ಶಿಖರಕ್ಕೆ ಹೆಂಗಸರು ಹತ್ತಬಾರದು ಎಂದಿತ್ತು. 2018ರಲ್ಲಿ ಹೈಕೋರ್ಟ್ ಹೇಳಿದ ಮೇಲೆ 2019ರ ಜನವರಿಯಲ್ಲಿ ಹೆಂಗಸರು ಹತ್ತಿದರು, ಕಾಣಿಗಳು ಶಾಂತವಾಗಿ ಪ್ರತಿಭಟಿಸಿದರು. ಅಲ್ಲಿ ನಾನು ಕೋರ್ಟಿನ ಪರ, ಹೆಂಗಸರ ಪರ. ಗ್ರಾಮಸಭೆ ಎಷ್ಟು ಜನ, ಯಾವ ದಿನ, ಯಾವ ದಾರಿ ಅಂತ ಹೇಳಲಿ. ಯಾವ ಜಾತಿ, ಯಾವ ಲಿಂಗ ಅಂತ ಹೇಳಲು ಅದಕ್ಕೂ ಹಕ್ಕಿಲ್ಲ.

ಇನ್ನು ನಮ್ಮ ಗ್ರೂಪಿನ ಆಕ್ಷೇಪ. ಗೈಡ್ ಕಡ್ಡಾಯ ಮಾಡಿದರೆ ಬೆಟ್ಟ ಕಾಸಿದ್ದವರದ್ದಾಗುತ್ತೆ, ಸ್ಟೂಡೆಂಟ್ ಎಲ್ಲಿಂದ ತರಬೇಕು? ಈ ಮಾತಿನಲ್ಲಿ ಹುರುಳಿದೆ. ನಾನೂ ಹಾಸ್ಟೆಲ್ ದಿನಗಳಲ್ಲಿ ಬಿಸ್ಕತ್ ಪ್ಯಾಕೆಟ್ ಮೇಲೆ ಬೆಟ್ಟ ಹತ್ತಿದವನು. ಕನ್ನಡ ಮೀಡಿಯಂ ಸರ್ಕಾರಿ ಕಾಲೇಜಿನ ಹುಡುಗಿ ಬೆಟ್ಟ ನೋಡಬೇಕು, ಖಂಡಿತ. ಅದಕ್ಕೆ ವಿದ್ಯಾರ್ಥಿ ದರ ಇಡಿ, ವಾರದ ದಿನಗಳಲ್ಲಿ ಕಾಲೇಜುಗಳಿಗೆ ಟಿಕೆಟ್ ಮೀಸಲಿಡಿ, ಬಸ್ ಪಾಸಿನ ಹಾಗೆ ಸರ್ಕಾರ ವ್ಯತ್ಯಾಸ ಭರಿಸಲಿ. ಗೈಡ್‌ಗೆ ಕೊಡುವುದನ್ನು ಉಳಿಸಿ ಬೆಟ್ಟವನ್ನು ಅಗ್ಗ ಮಾಡಿದರೆ ಆ ರಿಯಾಯಿತಿಯನ್ನು ಕೊಟ್ಟವರು ಯಾರು ಅಂತ ಮಾತ್ರ ಕೇಳಿಕೊಳ್ಳಿ. ಇನ್ನೊಂದು: ರಾತ್ರಿ ಬಸ್ಸು, ಡಾಲ್ಬಿ, ಟಿ-ಶರ್ಟು, 'ಸನ್‌ರೈಸ್ ಪಾಯಿಂಟ್' ಸೇರಿಸಿ ಪ್ಯಾಕೇಜ್ ಮಾರುವವರಿಗೆ ಈ ಆಕ್ಷೇಪ ತುಂಬ ಇಷ್ಟ. ಬಡ ವಿದ್ಯಾರ್ಥಿಯ ಹೆಸರಿನಲ್ಲಿ ಅವರ ಮಾರ್ಜಿನ್ ಉಳಿಯುತ್ತೆ.

ಕೊಯ್ಲು ಮುಗಿಸಿ ಸಂಜೆ ಕಾಫಿ ಚೀಲ ತೂಗಿಸುವಾಗ ಅಕ್ಕ ಸಾಲಿನಲ್ಲಿದ್ದರು. ಬೆಳಿಗ್ಗೆ ಕಳೆದ ಹೊತ್ತಿನ ಬಗ್ಗೆ ರೈಟರ್ ಏನೂ ಬರೆದುಕೊಳ್ಳಲಿಲ್ಲ, ತಕ್ಕಡಿಯಲ್ಲಿ ಬಂದಷ್ಟು ಬರೆದುಕೊಂಡರು. ನಾನು ಕೇಳಿದೆ, 'ಅಕ್ಕ, ಬ್ರಹ್ಮಗಿರಿಗೆ ಜನರನ್ನ ಕರ್ಕೊಂಡು ಹೋಗೋ ಕೆಲಸ ಕೊಟ್ಟರೆ ಹೋಗ್ತೀರಾ?'

ನಕ್ಕರು. 'ಅಷ್ಟು ಮೇಲೆ ಹತ್ತಿ ಏನು ತರ್ತಾರೆ ಸಾರ್ ಅವರು?'

'ಏನೂ ಇಲ್ಲ, ಸುಮ್ಮನೆ ನೋಡಿ ಬರ್ತಾರೆ.'

ಸ್ವಲ್ಪ ಯೋಚಿಸಿದರು. 'ದಿನಕ್ಕೆ ಎಷ್ಟು ಕೊಡ್ತಾರೆ?' ನಾನು ಬಾಯಿ ತೆಗೆಯುವಷ್ಟರಲ್ಲಿ ಇನ್ನೊಂದು ಕೇಳಿದರು. 'ಆನೆ ಇದೆ, ಹೋಗೋದು ಬೇಡ ಅಂತ ವಾಪಸ್ ಕರ್ಕೊಂಡು ಬಂದ್ರೆ, ಅವತ್ತಿನ ದುಡ್ಡು ಕೊಡ್ತಾರಾ?'